ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಊಟ: ನಗರದ ಕಡಿಮೆ ಆದಾಯದ ಮನೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಓದುಗರ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳು ಬಹುಮಟ್ಟಿಗೆ ಕೇಳಿದವರ ಮಾತಿನಲ್ಲೇ ಇವೆ. ಸರಳವಾದವು ಮೊದಲು, ತುಸು ಲೆಕ್ಕಾಚಾರ ಬೇಡುವವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯಿಂದಲೇ ಓದಲು ತೊಡಗಬಹುದು.

## ಮೊದಲ ಪ್ರಶ್ನೆಗಳು

ಅಂಗಡಿಗಳ ತುಂಬ ಆಹಾರವಿದೆ. ಹಾಗಿರುವಾಗ ನಗರದಲ್ಲಿ ಹಸಿವು ಎಲ್ಲಿಂದ ಬಂತು?

ಆಹಾರ ಇರುವುದು ಬೇರೆ, ಅದು ಕೈಗೆ ದಕ್ಕುವುದು ಬೇರೆ. ಅಮರ್ತ್ಯ ಸೇನ್ 1981ರಲ್ಲಿ ವಿವರವಾಗಿ ತೋರಿಸಿಕೊಟ್ಟದ್ದು ಇದನ್ನೇ. 1943ರ ಬಂಗಾಳದ ಕ್ಷಾಮದಲ್ಲಿ ಕೃಷಿ ಕೂಲಿಕಾರರಿಗೂ ಮೀನುಗಾರರಿಗೂ ಬಿದ್ದ ಪೆಟ್ಟು ಬಹಳ ದೊಡ್ಡದು, ಏಕೆಂದರೆ ಅಕ್ಕಿಯ ಬೆಲೆ ನೆಗೆದ ವೇಗಕ್ಕೆ ಅವರ ಗಳಿಕೆ ಏರಲಿಲ್ಲ. ನಗರದ ಕೂಲಿ ಕುಟುಂಬದ ಸ್ಥಿತಿ ಸದಾಕಾಲ ಇದಕ್ಕೆ ಹತ್ತಿರದ್ದು. ಅವರು ಏನನ್ನೂ ಬೆಳೆಯುವುದಿಲ್ಲ, ಪ್ರತಿ ತುತ್ತನ್ನೂ ಹಣ ಕೊಟ್ಟೇ ತರಬೇಕು. ಮಾರುಕಟ್ಟೆಯಲ್ಲಿ ಎಷ್ಟು ಮೂಟೆ ಧಾನ್ಯ ಇಳಿದಿದೆ ಎಂದು ಕೇಳುವುದಕ್ಕಿಂತ, ಒಂದು ದಿನದ ಕೂಲಿಗೆ ಎಷ್ಟು ಜನರ ಊಟ ಬರುತ್ತದೆ ಎಂದು ಕೇಳಿದರೆ ನಗರದ ಹಸಿವು ಅರ್ಥವಾಗುತ್ತದೆ.

ಸಂಪಾದನೆಯಲ್ಲಿ ಎಷ್ಟು ಪಾಲು ಊಟಕ್ಕೆ ಹೋದರೆ ಅದು ಹೆಚ್ಚಾಯಿತು ಎನ್ನಬೇಕು?

ಎಲ್ಲ ಮನೆಗಳಿಗೂ ಹೊಂದುವ ಒಂದೇ ಅಂಕಿಯಿಲ್ಲ. ಆದರೆ ಒಂದು ಹಳೆಯ ನಿಯಮ ಇಂದಿಗೂ ಅಲುಗಾಡದೆ ನಿಂತಿದೆ. ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಖರ್ಚಿನ ಲೆಕ್ಕಗಳನ್ನು ಪರಿಶೀಲಿಸಿ, ಮನೆ ಬಡವಾದಷ್ಟೂ ಅದರ ಖರ್ಚಿನಲ್ಲಿ ಆಹಾರದ ಪಾಲು ದೊಡ್ಡದಾಗಿರುತ್ತದೆ ಎಂದು ಕಂಡುಕೊಂಡ. ಅಲ್ಲಿಂದ ಈಚೆಗೆ ದೇಶದಿಂದ ದೇಶಕ್ಕೆ ಇದು ನಿಜವಾಗುತ್ತ ಬಂದಿದೆ. ಊಟಕ್ಕೇ ಅರ್ಧ ಖರ್ಚಾಗುವ ಮನೆಯಲ್ಲಿ ಒಂದು ಜ್ವರ, ಒಂದು ವಾರ ಕೆಲಸವಿಲ್ಲದಿರುವುದು, ಇಷ್ಟೇ ಸಾಕು ಲೆಕ್ಕ ಕುಸಿಯಲು.

ನಗರದ ಮಟ್ಟಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಆಹಾರದ ಪಾಲು ಇಳಿದ ಮಾತ್ರಕ್ಕೆ ಮನೆ ಸುಧಾರಿಸಿದೆ ಎಂದು ತಿಳಿಯಬಾರದು. ಬಾಡಿಗೆ ಏರಿದಾಗಲೂ ಊಟದ ಪಾಲು ಇಳಿಯುತ್ತದೆ, ಮನೆಯವರು ಕಡಿಮೆ ತಿನ್ನುತ್ತಿರುವುದರಿಂದ. ಅಂಕಿ ಒಂದೇ, ಅದರ ಹಿಂದಿನ ಕಥೆ ಪೂರ್ತಿ ಬೇರೆ.

ಹಳ್ಳಿಗಿಂತ ನಗರದಲ್ಲಿ ಕೂಲಿ ಹೆಚ್ಚು. ಆದರೂ ಕೈಯಲ್ಲಿ ಏನೂ ನಿಲ್ಲುವುದಿಲ್ಲವೇಕೆ?

ನಗರದಲ್ಲಿ ಪ್ರತಿಯೊಂದಕ್ಕೂ ಬೆಲೆ ಕಟ್ಟಿದೆ. ಸೂರಿಗೆ, ಉರುವಲಿಗೆ, ಕೆಲಸಕ್ಕೆ ಹೋಗಿ ಬರುವುದಕ್ಕೆ, ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ಅದಕ್ಕೂ ಹಣ. ನಲ್ಲಿ ಸಂಪರ್ಕವಿಲ್ಲದ ವಸತಿಯವರು ಕೊಡದಲ್ಲೋ ಡಬ್ಬಿಯಲ್ಲೋ ನೀರು ಕೊಳ್ಳುತ್ತಾರೆ, ಮತ್ತು ಜಗತ್ತಿನ ಅನೇಕ ನಗರಗಳಲ್ಲಿ ಅವರು ಲೀಟರಿಗೆ ತೆರುವ ಬೆಲೆ ನಲ್ಲಿಯವರು ತೆರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಕೂಲಿಯ ಅಂತರವನ್ನಷ್ಟೇ ನೋಡಿ ನಗರಕ್ಕೆ ಬಂದವರಿಗೆ ಈ ಬಾಬತ್ತುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ತಿಂಗಳ ಕೊನೆ ಬಂತೆಂದರೆ ಮೊದಲು ಕೈ ಬೀಳುವುದು ಊಟದ ಮೇಲೇ ಏಕೆ?

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಬಾಡಿಗೆಯಲ್ಲಿ ಕಾಲು ಭಾಗ ಕಡಿಮೆ ಕೊಟ್ಟರೆ ಮನೆ ಮಾಲೀಕರು ಒಪ್ಪುವುದಿಲ್ಲ. ಅರ್ಧ ಟಿಕೆಟ್ ಕೊಂಡು ಬಸ್ಸಿನಲ್ಲಿ ಪೂರ್ತಿ ದಾರಿ ಹೋಗಲಾಗುವುದಿಲ್ಲ. ವಿದ್ಯುತ್ ಬಿಲ್ಲು, ಶಾಲೆಯ ಶುಲ್ಕ, ಸಾಲದ ಕಂತು ಎಲ್ಲಕ್ಕೂ ಒಂದು ತಾರೀಕಿದೆ, ತಪ್ಪಿದರೆ ಒಂದು ದಂಡವಿದೆ. ಊಟಕ್ಕೆ ಮಾತ್ರ ವಸೂಲಿಗೆ ಬರುವವರು ಯಾರೂ ಇಲ್ಲ. ಅದನ್ನು ಇಂದು ಒಂದು ಹಿಡಿ, ನಾಳೆ ಇನ್ನೊಂದು ಹಿಡಿ ಎಂದು ಸದ್ದಿಲ್ಲದೆ ಕಡಿಮೆ ಮಾಡಬಹುದು. ಆದ್ದರಿಂದ ಬೇರೆ ಯಾವ ಖರ್ಚು ಏರಿದರೂ ಅದರ ಭಾರ ಕೊನೆಗೆ ತಟ್ಟೆಯ ಮೇಲೆ ಬೀಳುತ್ತದೆ.

ಕಡಿತಕ್ಕೂ ಒಂದು ಕ್ರಮವಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆಹಾರ ಅಭದ್ರತೆಯನ್ನು ಅಳೆಯಲು ಎಂಟು ಪ್ರಶ್ನೆಗಳನ್ನು ಕೇಳುತ್ತದೆ. ಆಹಾರ ಸಾಲದೆ ಹೋದೀತು ಎಂಬ ಚಿಂತೆಯಿತ್ತೇ ಎನ್ನುವುದರಿಂದ ಅವು ಶುರುವಾಗುತ್ತವೆ. ಪೌಷ್ಟಿಕವಾದದ್ದು ತಿನ್ನಲಾಗಲಿಲ್ಲವೇ, ಕೆಲವೇ ಬಗೆಯ ಆಹಾರದಲ್ಲಿ ದಿನ ದೂಡಿದಿರಾ, ಒಂದು ಹೊತ್ತು ಬಿಟ್ಟಿರಾ, ಕಡಿಮೆ ತಿಂದಿರಾ, ಮನೆಯಲ್ಲಿ ಆಹಾರ ಮುಗಿದುಹೋಯಿತೇ, ಹಸಿದೂ ತಿನ್ನದಿದ್ದಿರಾ ಎಂದು ಸಾಗಿ, ಇಡೀ ದಿನ ಉಪವಾಸವಿದ್ದಿರಾ ಎಂಬಲ್ಲಿ ಮುಗಿಯುತ್ತವೆ. ಹೊರಗಿನವರ ಕಣ್ಣಿಗೆ ಬೀಳುವುದು ಕೊನೆಯ ಮೆಟ್ಟಿಲುಗಳು ಮಾತ್ರ. ಮೊದಲ ಮೂರು ಮೆಟ್ಟಿಲುಗಳಲ್ಲಿ ವರ್ಷಗಟ್ಟಲೆ ಬದುಕುವ ಮನೆಗಳಿವೆ. ಅಲ್ಲಿ ಒಲೆ ದಿನವೂ ಉರಿಯುತ್ತದೆ, ಎಲ್ಲರೂ ಉಂಡೇಳುತ್ತಾರೆ, ಆದರೆ ತಟ್ಟೆಯಿಂದ ಕಾಳು, ತರಕಾರಿ, ಹಾಲು ಒಂದರ ಹಿಂದೆ ಒಂದು ಮರೆಯಾಗಿರುತ್ತವೆ. ಕೊನೆಗೆ ಬಡಿಸಿಕೊಳ್ಳುವವರ ತಟ್ಟೆಯಿಂದ ಮೊದಲು. ಇದೇ ಅಳತೆಗೋಲಿನಲ್ಲಿ ಜಗತ್ತಿನಾದ್ಯಂತ ಪುರುಷರಿಗಿಂತ ಮಹಿಳೆಯರಲ್ಲಿ ಅಭದ್ರತೆ ಹೆಚ್ಚಾಗಿ ಕಂಡುಬಂದಿದೆ.

## ಮನೆಯ ಲೆಕ್ಕ

ಬಾಡಿಗೆ ಆದಾಯದ ಶೇ. 30ನ್ನು ಮೀರಬಾರದು ಎನ್ನುತ್ತಾರೆ. ನಮ್ಮಂಥವರಿಗೂ ಅದೇ ಲೆಕ್ಕವೇ?

ಆ ಅಂಕಿ ಅಮೆರಿಕದ ಸಾರ್ವಜನಿಕ ವಸತಿಯ ಕಾನೂನಿನ ಮೂಲಕ ಹೆಸರಾದದ್ದು. ಅಲ್ಲಿ 1969ರಲ್ಲಿ ಬಾಡಿಗೆಗೆ ಆದಾಯದ ಶೇ. 25ರ ಮಿತಿ ಹಾಕಿದರು, 1981ರಲ್ಲಿ ಅದನ್ನು ಶೇ. 30ಕ್ಕೆ ಏರಿಸಿದರು. ಒಳ್ಳೆಯ ಸಂಬಳದ ಮನೆ ಶೇ. 40 ಬಾಡಿಗೆ ಕೊಟ್ಟರೂ ಚೆನ್ನಾಗಿ ಉಣ್ಣಬಹುದು. ಬಹಳ ಕಡಿಮೆ ಗಳಿಸುವ ಮನೆಗೆ ಶೇ. 20 ಕೊಟ್ಟ ಮೇಲೂ ಊಟಕ್ಕೆ ಸಾಲದೆ ಹೋಗಬಹುದು. ಹಾಗಾಗಿ ಲೆಕ್ಕವನ್ನು ತಿರುಗಿಸಿ ಹಾಕಿ. ಮನೆಮಂದಿಗೆ ಸರಿಯಾದ ಊಟ, ಓಡಾಟ, ಉರುವಲು, ಔಷಧಿಗೆ ಎಷ್ಟು ಬೇಕು ಎಂದು ಮೊದಲು ಕೂಡಿಸಿ, ಅದನ್ನು ಆದಾಯದಿಂದ ಕಳೆಯಿರಿ. ಉಳಿದದ್ದು ನೀವು ನಿಜವಾಗಿ ಕೊಡಬಲ್ಲ ಬಾಡಿಗೆ. ಹಲವರಿಗೆ ಈ ಅಂಕಿ ಊರಿನ ಅತಿ ಅಗ್ಗದ ಕೋಣೆಯ ಬಾಡಿಗೆಗಿಂತಲೂ ಕೆಳಗಿರುತ್ತದೆ. ಹಾಗಾದರೆ ತಪ್ಪು ನಿಮ್ಮ ಲೆಕ್ಕದ್ದಲ್ಲ.

ಅಗ್ಗದ ಬಾಡಿಗೆಗೆಂದು ಊರಾಚೆ ಹೋಗುವ ಮುನ್ನ ಓಡಾಟದ ಖರ್ಚನ್ನೂ ಹೊತ್ತನ್ನೂ ಸೇರಿಸಿ ನೋಡಿ. ಕೆಲಸ ಮಾಡುವ ಇಬ್ಬರಿಗೂ ದಿನಕ್ಕೆ ಎರಡು ಬಸ್ ಹೆಚ್ಚಾದರೆ ಬಾಡಿಗೆಯಲ್ಲಿ ಉಳಿದದ್ದು ಅಲ್ಲಿಗೇ ಸಂದಾಯವಾಗುತ್ತದೆ.

ಒಟ್ಟಿಗೆ ದೊಡ್ಡ ಪ್ರಮಾಣದಲ್ಲಿ ಕೊಂಡರೆ ಅಗ್ಗ ಎಂದು ಗೊತ್ತಿದ್ದೂ ಚಿಕ್ಕ ಪೊಟ್ಟಣವನ್ನೇ ಏಕೆ ತರುತ್ತಾರೆ?

ಗೊತ್ತಿಲ್ಲದೆ ತರುವುದಲ್ಲ. ದಿನಗೂಲಿಯ ಹೆಂಗಸೊಬ್ಬರು ಸಂಜೆ ಕೆಲಸ ಬಿಟ್ಟು ಅಂಗಡಿಯ ಮುಂದೆ ನಿಂತಿದ್ದಾರೆ ಎಂದುಕೊಳ್ಳಿ. ಸೆರಗಿನ ಗಂಟಿನಲ್ಲಿ ಇರುವುದು ಅಂದಿನ ಕೂಲಿ ಮಾತ್ರ. ಅದರಲ್ಲಿ ನಾಳಿನ ಬಸ್ಸಿಗೆ ಎತ್ತಿಡಬೇಕು, ಮಗುವಿನ ಕೆಮ್ಮಿನ ಔಷಧಿಗೆ ಎತ್ತಿಡಬೇಕು. ಉಳಿದದ್ದರಲ್ಲಿ ಧಾನ್ಯ, ಎಣ್ಣೆ, ಕಾಳು, ಉಪ್ಪು ಎಲ್ಲವೂ ಬರಬೇಕು, ಏಕೆಂದರೆ ಎಣ್ಣೆ ಒಂದರಿಂದ ರಾತ್ರಿಯ ಊಟವಾಗುವುದಿಲ್ಲ. ದೊಡ್ಡ ಡಬ್ಬಿಯ ಹತ್ತನೇ ಒಂದರಷ್ಟು ಎಣ್ಣೆಯಿರುವ ಪೊಟ್ಟಣಕ್ಕೆ ಡಬ್ಬಿಯ ಎಂಟನೇ ಒಂದರಷ್ಟು ಬೆಲೆಯಿದ್ದರೆ, ಹತ್ತು ಪೊಟ್ಟಣ ಮುಗಿಯುವಷ್ಟರಲ್ಲಿ ಅವರು ಶೇ. 25 ಹೆಚ್ಚು ತೆತ್ತಿರುತ್ತಾರೆ. ಇದನ್ನು ನಿಮಗಿಂತ ಚೆನ್ನಾಗಿ ಅವರೇ ಬಲ್ಲರು. ಆದರೆ ಡಬ್ಬಿಯ ಹಣ ಒಂದೇ ಸಂಜೆ ಕೈಯಲ್ಲಿ ಕೂಡುವುದಿಲ್ಲ. ಕೂಡಿದರೂ ಒಂದೇ ಕೋಣೆಯ ಮನೆಯಲ್ಲಿ ಇಲಿ, ತೇವಗಳಿಂದ ಕಾಪಾಡಿ ಇಡಲು ಜಾಗ ಬೇಕು.

ಬಡವರು ಅದೇ ಸಾಮಾನಿಗೆ ಹೆಚ್ಚು ತೆರುತ್ತಾರೆ ಎನ್ನುವುದನ್ನು ಸಮಾಜಶಾಸ್ತ್ರಜ್ಞ ಡೇವಿಡ್ ಕ್ಯಾಪ್ಲೊವಿಟ್ಜ್ 1963ರಲ್ಲೇ ನ್ಯೂಯಾರ್ಕ್‌ನ ಬಡ ಕುಟುಂಬಗಳ ಅಧ್ಯಯನದಲ್ಲಿ ದಾಖಲಿಸಿದ್ದರು. ಇದರಿಂದ ಸ್ವಲ್ಪವಾದರೂ ಪಾರಾಗುವ ದಾರಿಯೆಂದರೆ ಎರಡು ಮೂರು ಮನೆಯವರು ಸೇರಿ ದೊಡ್ಡದನ್ನು ಕೊಂಡು ಹಂಚಿಕೊಳ್ಳುವುದು. ಬೇಗ ಕೆಡದ ಧಾನ್ಯ, ಕಾಳು, ಎಣ್ಣೆ, ಸಾಬೂನುಗಳಿಗೆ ಇದು ಹೊಂದುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಲದ ಗೊಡವೆಯೇ ಇರುವುದಿಲ್ಲವಲ್ಲ?

ಹಾಸಿಗೆ ಪ್ರತಿ ವಾರ ಬೇರೆ ಬೇರೆ ಅಳತೆಯದಾದರೆ ಏನು ಮಾಡುವುದು? ಆರು ದಿನ ಕೆಲಸ ಸಿಕ್ಕ ವಾರವೂ ಇರುತ್ತದೆ, ಎರಡೇ ದಿನ ಸಿಕ್ಕ ವಾರವೂ ಇರುತ್ತದೆ. ತಿಂಗಳ ಒಟ್ಟು ಸಂಪಾದನೆ ಖರ್ಚಿಗೆ ಸರಿಯಾಗಿ ಹೊಂದಿದರೂ, ಆ ಎರಡು ದಿನದ ವಾರದಲ್ಲಿ ಏಳು ದಿನವೂ ಉಣ್ಣಲೇಬೇಕು. ಇಂಥ ಮನೆಗಳಲ್ಲಿ ಬಹುಪಾಲು ಸಾಲ ಹುಟ್ಟುವುದು ಈ ಏರಿಳಿತದಿಂದ ಮತ್ತು ಕಾಯಿಲೆಯಿಂದ. ದುಂದುಗಾರಿಕೆಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಎಲ್ಲ ಸಾಲವೂ ಒಂದೇ ಅಲ್ಲ. ದಿನಸಿ ಅಂಗಡಿಯ ಉದ್ರಿಗೆ ಬಡ್ಡಿಯಿಲ್ಲದಿರಬಹುದು, ಆದರೆ ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಹೋಗುತ್ತದೆ. ದಿನದ ವಸೂಲಿಯ ಸಾಲದ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ. ನೂರು ಎಂದು ಬರೆದುಕೊಂಡು ತೊಂಬತ್ತನ್ನು ಕೈಗಿಟ್ಟು, ದಿನಕ್ಕೆ ಒಂದರಂತೆ ನೂರು ದಿನ ವಸೂಲಿ ಮಾಡಿದರೆ ಬಡ್ಡಿ ಹತ್ತೇ ಎನಿಸುತ್ತದೆ. ಅಸಲು ಮೊದಲ ದಿನದಿಂದಲೇ ಕರಗುತ್ತಿರುವುದರಿಂದ ವರ್ಷದ ಲೆಕ್ಕದಲ್ಲಿ ಅದು ಶೇ. 75ನ್ನು ಮೀರುತ್ತದೆ. ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಯಾದರೆ ವರ್ಷಕ್ಕೆ ಶೇ. 120. ಬಡ್ಡಿಗೆ ಬಡ್ಡಿ ಸೇರಿದರೆ ಶೇ. 200 ದಾಟುತ್ತದೆ. ಹಳೆಯ ಸಾಲ ತೀರಿಸಲು ಹೊಸ ಸಾಲ ತೆಗೆಯಬೇಕಾಗಿ ಬಂದಾಗ ಮುಂದಕ್ಕೆ ಹೋಗದೆ, ಸಾಲ ಕೊಟ್ಟವರ ಬಳಿ ಕುಳಿತು ಕಂತು ಇಳಿಸಲು ಕೇಳುವುದು ಲೇಸು.

ಪರಿಚಿತರೇ ಸೇರಿ ನಡೆಸುವ ಸರದಿ ಉಳಿತಾಯ ಜಗತ್ತಿನ ತುಂಬ ಇದೆ. ಮೆಕ್ಸಿಕೊದಲ್ಲಿ ಟಾಂಡಾ, ಘಾನಾದಲ್ಲಿ ಸುಸು, ಫ್ರೆಂಚ್ ಆಡುವ ಪಶ್ಚಿಮ ಆಫ್ರಿಕಾದಲ್ಲಿ ಟಾಂಟೀನ್, ನಮ್ಮಲ್ಲಿ ಚೀಟಿ. ಸದಸ್ಯರು ಕಡಿಮೆಯಿದ್ದು ಎಲ್ಲರೂ ಎಲ್ಲರನ್ನೂ ಬಲ್ಲವರಾಗಿದ್ದರೆ ಒಂದು ದೊಡ್ಡ ಖರ್ಚಿಗೆ ಇದು ಒದಗುತ್ತದೆ. ಗುರುತಿಲ್ಲದವರು ನಡೆಸುವ ದೊಡ್ಡ ಗುಂಪಿಗೆ ಊಟದ ಹಣವನ್ನು ಹಾಕಬೇಡಿ.

ಎಲ್ಲಿ ಕಡಿತ ಮಾಡಿದರೆ ಊಟ ಉಳಿಯುತ್ತದೆ? ಉಪದೇಶ ಬೇಡ, ಮಾಡಬಹುದಾದದ್ದನ್ನು ಹೇಳಿ.

ಮೊದಲು ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕ ಬರೆಯಿರಿ. ಕೂಲಿ ವಾರಕ್ಕೆ ಬರುವುದಾದರೆ ಬಾಡಿಗೆಯನ್ನೂ ತಿಂಗಳಿಗೆ ಎರಡು ಸಲವಾಗಿ ಕೊಡಲು ಕೇಳಿ ನೋಡಿ. ತಾರೀಕು ಹೊಂದಿದರೆ ಸಾಲದ ಅಗತ್ಯ ಅಷ್ಟು ತಗ್ಗುತ್ತದೆ. ಕಂತು, ಮೊಬೈಲ್ ರೀಚಾರ್ಜ್, ತಡವಾಗಿ ಕಟ್ಟಿದ್ದಕ್ಕೆ ಬಿದ್ದ ದಂಡ ಇವನ್ನು ಬೇರೆ ಪುಟದಲ್ಲಿ ಬರೆದರೆ ಹಣ ಸೋರುವ ಜಾಗ ಕಣ್ಣಿಗೆ ಬೀಳುತ್ತದೆ. ಅಡುಗೆಮನೆಗಿಂತ ಆ ಪುಟದಲ್ಲೇ ಉಳಿತಾಯ ಹೆಚ್ಚು.

ಅಡುಗೆಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ, ಆದರೂ ಇದೆ. ಕಾಳನ್ನು ರಾತ್ರಿ ನೆನೆಸಿದರೆ ಬೇಗ ಬೇಯುತ್ತದೆ, ಪಾತ್ರೆಗೆ ಮುಚ್ಚಳ ಹಾಕಿದರೆ ಉರುವಲು ಉಳಿಯುತ್ತದೆ. ಕಾಳಿನಲ್ಲೂ ಸೊಪ್ಪಿನಲ್ಲೂ ಇರುವ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಅದೇ ಊಟದಲ್ಲಿ ಸಿ ಜೀವಸತ್ವವಿರುವ ಹುಳಿ ಹಣ್ಣೋ ಹಸಿ ತರಕಾರಿಯೋ ಇರಲಿ. ಊಟದ ಜೊತೆಗೆ ಚಹಾ, ಕಾಫಿ ಬೇಡ, ಅವು ಕಬ್ಬಿಣಾಂಶ ಹೀರಿಕೆಯನ್ನು ತಡೆಯುತ್ತವೆ. ಕಡಿತ ಮಾಡಲೇಬೇಕಾದರೆ ಕಾಳನ್ನು ಕೊನೆಗೆ ಮುಟ್ಟಿ. ಚಿಕ್ಕ ಮಕ್ಕಳ, ಗರ್ಭಿಣಿಯರ, ಎದೆಹಾಲುಣಿಸುವ ತಾಯಂದಿರ ಪಾಲನ್ನು ಮುಟ್ಟಲೇಬೇಡಿ.

ಊಟಕ್ಕಿಲ್ಲ ಎನ್ನುವವರ ಕೈಯಲ್ಲಿ ಮೊಬೈಲ್ ಇರುತ್ತದಲ್ಲ?

ಇರಲೇಬೇಕು. ನಾಳೆ ಕೆಲಸವಿದೆ ಬನ್ನಿ ಎನ್ನುವ ಕರೆ ಬರುವುದು ಅದಕ್ಕೇ. ಕೂಲಿ, ಸಹಾಯಧನ, ಶಾಲೆಯ ಸೂಚನೆ ಎಲ್ಲವೂ ಅದರ ಮೂಲಕವೇ ಬರುತ್ತವೆ. ಮೊಬೈಲ್ ಮಾರಿದರೆ ಕೆಲವು ದಿನದ ಊಟವಾದೀತು, ಮುಂದಿನ ಕೆಲಸ ತಪ್ಪೀತು.

ಹೊಟ್ಟೆ ತುಂಬಿದರೆ ಸಾಲದೇ? ಪೌಷ್ಟಿಕತೆಯ ಮಾತೆಲ್ಲ ಉಳ್ಳವರಿಗೆ.

ಹೊಟ್ಟೆ ತುಂಬಿಸುವುದು ಅಗ್ಗ, ಮೈ ಬೆಳೆಸುವುದು ದುಬಾರಿ. ವಿಶ್ವಸಂಸ್ಥೆಯ ಸಂಸ್ಥೆಗಳು 2020ರಲ್ಲಿ ಲೆಕ್ಕ ಹಾಕಿದಾಗ, ಬರೀ ಪಿಷ್ಟದ ಧಾನ್ಯದಿಂದ ಶಕ್ತಿಯ ಅಗತ್ಯವನ್ನು ಪೂರೈಸುವ ಊಟಕ್ಕಿಂತ ಆರೋಗ್ಯಕರ ಊಟದ ವೆಚ್ಚ ಸರಾಸರಿ ಐದು ಪಟ್ಟು ಎಂದು ಕಂಡುಬಂತು. 2024ರಲ್ಲಿ ಅಂಥ ಊಟದ ವೆಚ್ಚ ಭರಿಸಲಾಗದವರು ಜಗತ್ತಿನಲ್ಲಿ ಸುಮಾರು 260 ಕೋಟಿ ಜನ ಎಂಬುದು ಅವೇ ಸಂಸ್ಥೆಗಳ ಅಂದಾಜು. ಕಬ್ಬಿಣಾಂಶ, ಅಯೋಡಿನ್, ಎ ಜೀವಸತ್ವಗಳ ಕೊರತೆ ತುಂಬಿದ ಹೊಟ್ಟೆಯೊಳಗೂ ಇರುತ್ತದೆ. ಅದು ಮಕ್ಕಳ ಬೆಳವಣಿಗೆಗೆ, ಕಲಿಕೆಗೆ, ದೊಡ್ಡವರ ದುಡಿಯುವ ಶಕ್ತಿಗೆ ಕುತ್ತು ತರುತ್ತದೆ. ಮೈಯನ್ನೇ ದುಡಿಸಿ ಬದುಕುವವರಿಗೆ ಪೌಷ್ಟಿಕತೆ ಎಲ್ಲರಿಗಿಂತ ಹೆಚ್ಚು ಬೇಕು.

## ಬೆಲೆ ಮತ್ತು ನೀತಿಯ ಪ್ರಶ್ನೆಗಳು

ಹಣದುಬ್ಬರ ಇಳಿಯಿತು ಎಂದು ಸುದ್ದಿ ಬರುತ್ತದೆ. ನಮ್ಮ ಮನೆಯಲ್ಲೇಕೆ ಇಳಿದಿಲ್ಲ?

ಎರಡು ಕಾರಣಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಹಣದುಬ್ಬರ ಇಳಿಯಿತೆಂದರೆ ಬೆಲೆ ಏರುವ ವೇಗ ತಗ್ಗಿತು ಎಂದಷ್ಟೇ ಅರ್ಥ. ಏರಿದ ಬೆಲೆ ಏರಿದಲ್ಲೇ ಕೂತಿರುತ್ತದೆ. ಆಹಾರ ಮತ್ತು ಕೃಷಿ ಸಂಸ್ಥೆಯ ಜಾಗತಿಕ ಆಹಾರ ಬೆಲೆ ಸೂಚ್ಯಂಕ 2022ರ ಮಾರ್ಚ್‌ನಲ್ಲಿ ದಾಖಲೆಯ ಎತ್ತರ ಮುಟ್ಟಿ ಆಮೇಲೆ ಇಳಿಯಿತು. ಆದರೆ ಚಿಲ್ಲರೆ ಅಂಗಡಿಯ ಬೆಲೆಯಲ್ಲಿ ಸಾಗಣೆ, ಸಂಸ್ಕರಣೆ, ಕೂಲಿ, ಅಂಗಡಿಯ ಬಾಡಿಗೆಗಳೂ ಸೇರಿರುವುದರಿಂದ ಅಲ್ಲಿನ ಇಳಿಕೆ ಇಲ್ಲಿಗೆ ಅಷ್ಟೇ ಪ್ರಮಾಣದಲ್ಲಿ ಮುಟ್ಟುವುದಿಲ್ಲ.

ಇನ್ನೊಂದು, ಸೂಚ್ಯಂಕ ಯಾರ ಬುಟ್ಟಿಯನ್ನು ತೂಗುತ್ತದೆ ಎನ್ನುವುದು. ಹಣದುಬ್ಬರವನ್ನು ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಯಾವ ಸಾಮಾನಿಗೆ ಎಷ್ಟು ತೂಕ ಎಂಬುದು ನಿಗದಿಯಾಗುವುದು ಎಲ್ಲ ಮನೆಗಳ ಒಟ್ಟು ಖರ್ಚಿನ ಮೇಲೆ. ಹೆಚ್ಚು ಖರ್ಚು ಮಾಡುವ ಮನೆಗಳ ದನಿಯೇ ಅದರಲ್ಲಿ ದೊಡ್ಡದು. ಆಹಾರದ ಬೆಲೆ ಶೇ. 10, ಉಳಿದೆಲ್ಲವೂ ಶೇ. 2 ಏರಿತು ಎಂದುಕೊಳ್ಳಿ. ಖರ್ಚಿನ ಶೇ. 15ನ್ನು ಆಹಾರಕ್ಕೆ ಹಾಕುವ ಮನೆಗೆ ತಗಲುವ ಹಣದುಬ್ಬರ ಶೇ. 3.2. ಅರ್ಧವನ್ನು ಆಹಾರಕ್ಕೇ ಹಾಕುವ ಮನೆಗೆ ಅದು ಶೇ. 6. ಒಂದೇ ಊರು, ಒಂದೇ ತಿಂಗಳು. ಜೊತೆಗೆ, ಅಗ್ಗದ ಬ್ರ್ಯಾಂಡುಗಳ ಬೆಲೆ ದುಬಾರಿ ಬ್ರ್ಯಾಂಡುಗಳಿಗಿಂತ ವೇಗವಾಗಿ ಏರಿದ್ದನ್ನು 2020ರಿಂದ 2024ರ ನಡುವಿನ ಬೆಲೆಗಳನ್ನು ನೋಡಿ ಆಲ್ಬರ್ಟೊ ಕವಾಲ್ಲೊ, ಒಲೆಕ್ಸಿ ಕ್ರಿವ್ತ್ಸೊವ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಮೊದಲೇ ಅತಿ ಅಗ್ಗದ್ದನ್ನು ಕೊಳ್ಳುತ್ತಿದ್ದವರಿಗೆ ಇನ್ನೂ ಕೆಳಗಿಳಿಯಲು ಮೆಟ್ಟಿಲೇ ಇರಲಿಲ್ಲ.

ಧಾನ್ಯದ ಬೆಲೆ ಏರಿದರೆ ಬಡವರು ಅದನ್ನೇ ಇನ್ನಷ್ಟು ಕೊಳ್ಳುತ್ತಾರಂತೆ. ಇದು ಸಾಧ್ಯವೇ?

ಕೆಲವು ಮನೆಗಳಲ್ಲಿ ಸಾಧ್ಯ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಈ ವಿಚಾರವನ್ನು ರಾಬರ್ಟ್ ಗಿಫೆನ್ ಹೆಸರಿಗೆ ಸೇರಿಸಿದರು. ಬಹುಕಾಲ ಇದು ಪಾಠದ ಒಗಟಾಗಿಯೇ ಉಳಿದಿತ್ತು. 2008ರಲ್ಲಿ ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ ಚೀನಾದ ಹುನಾನ್ ಪ್ರಾಂತದ ನಗರವಾಸಿ ಬಡ ಕುಟುಂಬಗಳಲ್ಲಿ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಅಕ್ಕಿಗೆ ರಿಯಾಯಿತಿ ಕೊಟ್ಟಾಗ ಆ ಮನೆಗಳು ಅಕ್ಕಿ ತಿನ್ನುವುದನ್ನು ಕಡಿಮೆ ಮಾಡಿದವು. ಕಾರಣ ಸರಳ. ಅಕ್ಕಿ ಅಗ್ಗವಾದಾಗ ಉಳಿದ ಹಣದಲ್ಲಿ ಬೇರೇನಾದರೂ ರುಚಿಯಾದದ್ದು ಬಂತು. ಬೆಲೆ ಏರಿದರೆ ಇದೇ ತಿರುಗಿ ನಡೆಯುತ್ತದೆ: ಮಾಂಸ, ತರಕಾರಿ ಕೈಬಿಟ್ಟು ಹೊಟ್ಟೆ ತುಂಬಿಸುವುದಕ್ಕೆ ಮತ್ತೆ ಅದೇ ಧಾನ್ಯ. ತೀರಾ ಕಡುಬಡವರಲ್ಲಿ ಇದು ಕಾಣಲಿಲ್ಲ, ಅವರ ತಟ್ಟೆಯಲ್ಲಿ ಕೈಬಿಡಲು ಬೇರೇನೂ ಇರಲಿಲ್ಲ.

ಸರ್ಕಾರ ಹಣ ಕೊಡುವುದು ಮೇಲೋ, ಧಾನ್ಯ ಕೊಡುವುದೋ, ಬೇಯಿಸಿದ ಊಟವೋ?

ಹಣದ ಗುಣ ಸ್ವಾತಂತ್ರ್ಯ. ಯಾವ ಗಾಯಕ್ಕೆ ಬೇಕೋ ಅದಕ್ಕೆ ಹಚ್ಚಬಹುದು. ಮೆಕ್ಸಿಕೊ 1997ರಲ್ಲಿ, ಬ್ರೆಜಿಲ್ 2003ರಲ್ಲಿ ಬಡ ಕುಟುಂಬಗಳಿಗೆ ನೇರವಾಗಿ ಹಣ ಕೊಡುವ ದೊಡ್ಡ ಯೋಜನೆಗಳನ್ನು ಶುರುಮಾಡಿ ಜಗತ್ತಿಗೆ ಮಾದರಿಯಾದವು. ಆದರೆ ಬೆಲೆಯೊಡನೆ ಮೊತ್ತವೂ ಏರದಿದ್ದರೆ ಹಣದ ನೆರವು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಧಾನ್ಯ ಬೆಲೆ ಏರಿಕೆಯಿಂದ ಕಾಪಾಡುತ್ತದೆ. ಮೆಕ್ಸಿಕೊದ ಹಳ್ಳಿಗಳಲ್ಲಿ ನಡೆದ ಒಂದು ಹೋಲಿಕೆಯಲ್ಲಿ ಆಹಾರ ಪದಾರ್ಥ ಹಂಚಿದ ಕಡೆ ಸ್ಥಳೀಯ ಬೆಲೆಗಳು ಹಣ ಹಂಚಿದ ಕಡೆಗಿಂತ ಕೆಳಗಿದ್ದವು. ನಗರಕ್ಕೆ ವಲಸೆ ಬಂದವರಿಗೆ ಮಾತ್ರ ವಿಳಾಸದ ಕಾಗದಪತ್ರವಿಲ್ಲದೆ ಧಾನ್ಯ ಕೈತಪ್ಪುವ ಅಪಾಯ ಹೆಚ್ಚು.

ಬೇಯಿಸಿದ ಊಟಕ್ಕೆ ಗುರುತಿನ ಚೀಟಿ ಕೇಳುವ ಅಗತ್ಯವೇ ಇಲ್ಲ. ಬ್ರೆಜಿಲ್‌ನ ಬೆಲೊ ಹೊರಿಜಾಂಟೆ ನಗರ 1993ರಲ್ಲಿ ಆಹಾರವನ್ನು ಹಕ್ಕೆಂದು ಸಾರಿ, ಯಾರು ಬೇಕಾದರೂ ಬಂದು ಕಡಿಮೆ ಬೆಲೆಗೆ ಉಣ್ಣಬಹುದಾದ ಜನತಾ ಭೋಜನಾಲಯಗಳನ್ನು ನಡೆಸಿತು. ಒಂಟಿಯಾಗಿರುವ ಕಾರ್ಮಿಕರಿಗೆ, ಒಲೆಯಿಲ್ಲದ ಕೋಣೆಯವರಿಗೆ ಇದರಷ್ಟು ಒದಗುವುದು ಬೇರೆ ಇಲ್ಲ. ನನ್ನನ್ನು ಕೇಳಿದರೆ, ನಗರಗಳಲ್ಲಿ ಮಕ್ಕಳಿಗೂ ಒಂಟಿ ದುಡಿಮೆಗಾರರಿಗೂ ಬೇಯಿಸಿದ ಊಟ, ಸಂಸಾರಸ್ಥರಿಗೆ ಬೆಲೆಯೊಡನೆ ಏರುವ ಹಣ, ಎರಡೂ ಬೇಕು.

ಬೆಲೆಯನ್ನೇ ಕಟ್ಟಿಹಾಕಿಬಿಟ್ಟರೆ ಇಷ್ಟೆಲ್ಲ ಏಕೆ?

ಕಟ್ಟಿಹಾಕಿದ ಬೆಲೆಯ ಹೊರೆಯನ್ನು ಯಾರಾದರೂ ಹೊರಲೇಬೇಕು. ಈಜಿಪ್ಟ್‌ನಲ್ಲಿ ರಿಯಾಯಿತಿಯ ರೊಟ್ಟಿಯ ಬೆಲೆ ಮೂರು ದಶಕಕ್ಕೂ ಹೆಚ್ಚು ಕಾಲ 5 ಪಿಯಾಸ್ಟರ್‌ನಲ್ಲೇ (ಪಿಯಾಸ್ಟರ್ ಎಂದರೆ ಅಲ್ಲಿನ ಪೌಂಡಿನ ನೂರನೇ ಒಂದು ಭಾಗ) ನಿಂತಿತ್ತು. ಆ ಅವಧಿಯಲ್ಲಿ ರೊಟ್ಟಿ ಕುಗ್ಗುತ್ತ ಬಂದು, 2020ರಲ್ಲಿ ಅದರ ತೂಕವನ್ನು 110 ಗ್ರಾಂನಿಂದ 90 ಗ್ರಾಂಗೆ ಇಳಿಸಿದರು. 2024ರ ಜೂನ್‌ನಲ್ಲಿ ಬೆಲೆಯನ್ನೂ 20 ಪಿಯಾಸ್ಟರ್‌ಗೆ ಏರಿಸಿದರು. ಹಾಗೆಂದು ಆ ರೊಟ್ಟಿ ವ್ಯರ್ಥವಾಯಿತು ಎನ್ನುವಂತಿಲ್ಲ, ಕೋಟ್ಯಂತರ ಜನರ ದಿನದ ಊಟ ಅದು. ಬೆಲೆ ತಡೆಹಿಡಿಯುವ ಸರ್ಕಾರ ಅದಕ್ಕೆ ಬೇಕಾದ ಹಣವನ್ನು ವರ್ಷ ವರ್ಷವೂ ಎತ್ತಿಡಬೇಕು, ಇಲ್ಲದಿದ್ದರೆ ಕಡಿತ ಗಾತ್ರದಲ್ಲೋ ಗುಣಮಟ್ಟದಲ್ಲೋ ಆಗುತ್ತದೆ.

ನಾವು ಬಡತನ ರೇಖೆಗಿಂತ ಮೇಲಿದ್ದೇವೆ ಎನ್ನುತ್ತಾರೆ. ಆದರೂ ಊಟಕ್ಕೆ ತತ್ವಾರ. ಯಾರ ಲೆಕ್ಕ ಸರಿ?

ರೇಖೆ ಎಳೆದವರು ಯಾವ ಖರ್ಚುಗಳನ್ನು ಲೆಕ್ಕಕ್ಕೆ ಹಿಡಿದಿದ್ದರು ಎಂದು ನೋಡಬೇಕು. ಅಮೆರಿಕದ ಅಧಿಕೃತ ಬಡತನ ರೇಖೆ 1960ರ ದಶಕದಲ್ಲಿ ಅಲ್ಲಿನ ಸರ್ಕಾರಿ ಅರ್ಥಶಾಸ್ತ್ರಜ್ಞೆ ಮೋಲಿ ಒರ್ಶಾನ್‌ಸ್ಕಿ ಮಾಡಿದ ಲೆಕ್ಕದಿಂದ ಬಂದದ್ದು. ಆಗ ಅಲ್ಲಿನ ಕುಟುಂಬಗಳು ಸರಾಸರಿ ಮೂರನೇ ಒಂದು ಭಾಗವನ್ನು ಆಹಾರಕ್ಕೆ ಹಾಕುತ್ತಿದ್ದವು. ಆದ್ದರಿಂದ ಅತಿ ಮಿತವ್ಯಯದ ಆಹಾರದ ವೆಚ್ಚವನ್ನು ಮೂರರಿಂದ ಗುಣಿಸಿದರು. ಆಮೇಲೆ ಬಾಡಿಗೆ, ಚಿಕಿತ್ಸೆ, ಓಡಾಟಗಳ ಪಾಲು ಬೆಳೆದರೂ ಆ ಮೂರು ಬದಲಾಗಲಿಲ್ಲ. ರೇಖೆಯನ್ನು ಸಾಮಾನ್ಯ ಬೆಲೆ ಏರಿಕೆಗೆ ತಕ್ಕಂತೆ ಮಾತ್ರ ಮೇಲಕ್ಕೆ ತಂದರು. ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ರೇಖೆಯನ್ನು ದಿನಕ್ಕೆ ತಲಾ 3 ಡಾಲರ್‌ಗೆ ಏರಿಸಿತು. ದೇಶ ದೇಶಗಳ ಬೆಲೆಗಳ ಅಂತರವನ್ನು ಸರಿಹೊಂದಿಸಿದ, 2021ರ ಕೊಳ್ಳುವ ಶಕ್ತಿಯ ಲೆಕ್ಕದ ಡಾಲರ್ ಅದು. 2024ರಲ್ಲಿ ಆರೋಗ್ಯಕರ ಊಟ ಒಂದಕ್ಕೇ ಜಗತ್ತಿನ ಸರಾಸರಿ ವೆಚ್ಚ ಅದೇ ಬಗೆಯ ಲೆಕ್ಕದಲ್ಲಿ ದಿನಕ್ಕೆ 4.46 ಡಾಲರ್. ರೇಖೆಯ ಮೇಲಿದ್ದೂ ಸರಿಯಾಗಿ ಉಣ್ಣಲಾಗದ ಜನ ಅಪಾರವಾಗಿ ಇದ್ದಾರೆ ಎನ್ನುವುದು ಇಲ್ಲಿಯೇ ಕಾಣುತ್ತದೆ.

ನಿಮ್ಮ ಊರಿನ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು. ಆರೋಗ್ಯಕರ ಊಟದ ವೆಚ್ಚಕ್ಕೆ ವಿಶ್ವಸಂಸ್ಥೆ ಬಳಸುವ ಬುಟ್ಟಿಯಲ್ಲಿ ಹನ್ನೊಂದು ಪದಾರ್ಥಗಳಿವೆ: ಧಾನ್ಯ ಅಥವಾ ಗೆಡ್ಡೆ ಎರಡು ಬಗೆ, ತರಕಾರಿ ಮೂರು, ಹಣ್ಣು ಎರಡು, ಹಾಲು, ಮೊಟ್ಟೆ, ಮೀನು, ಮಾಂಸಗಳಂಥವು ಎರಡು, ಕಾಳು ಅಥವಾ ಬೀಜ ಒಂದು, ಎಣ್ಣೆ ಒಂದು. ಪ್ರತಿ ಗುಂಪಿನಲ್ಲೂ ನಿಮ್ಮ ಮಾರುಕಟ್ಟೆಯಲ್ಲಿ ಸಿಗುವ ಅತಿ ಅಗ್ಗದ್ದನ್ನೇ ಆರಿಸಿ, ಒಬ್ಬರಿಗೆ ದಿನಕ್ಕೆ ಒಟ್ಟು 2,330 ಕಿಲೊಕ್ಯಾಲೊರಿ ಬರುವಂತೆ ಬೆಲೆ ಕೂಡಿಸಿ. ಮನೆಯಲ್ಲಿರುವ ಜನರ ಸಂಖ್ಯೆಯಿಂದ ಗುಣಿಸಿ, ಮಕ್ಕಳಿದ್ದರೆ ತುಸು ಕಡಿಮೆ ಹಿಡಿಯಿರಿ. ಅದಕ್ಕೆ ಬಾಡಿಗೆ, ನೀರು, ಉರುವಲು, ಬಸ್ಸಿನ ಖರ್ಚು, ಸಾಲದ ಕಂತು ಸೇರಿಸಿ, ಬಂದ ಮೊತ್ತವನ್ನು ಮನೆಯ ಗಳಿಕೆಯ ಪಕ್ಕದಲ್ಲಿ ಬರೆಯಿರಿ. ಕೂಲಿ ಹೆಚ್ಚಿಸಲು ಕೇಳುವಾಗ, ನಗರಸಭೆಯ ಮುಂದೆ ಅರ್ಜಿ ಇಡುವಾಗ, ಸಂಘದ ಸಭೆಯಲ್ಲಿ ಮಾತನಾಡುವಾಗ ಈ ಒಂದು ಪುಟವನ್ನು ಜೊತೆಯಲ್ಲಿ ಒಯ್ಯಿರಿ.